ಉಳಿದ ಮೂರು ಎಲೆ

ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಕಳಸದ ಕಡೆಯ ತೋಟದ ಮನೆಗಳಲ್ಲಿ ಇಸ್ಪೀಟು ಕಟ್ಟು ಹೊರಬೀಳುತ್ತದೆ. ಮೂಡಿಗೆರೆ, ಚಿಕ್ಕಮಗಳೂರಿನ ಕ್ಲಬ್ಬುಗಳಿಗೆ ಮಳೆಯ ನೆಪವೂ ಬೇಡ. ಹದಿಮೂರು ಎಲೆಯ ರಮ್ಮಿಯಲ್ಲಿ ನಮ್ಮವರು ಎದುರಾಳಿಯ ಕೈ ಓದುವ ಗಟ್ಟಿಗರು. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಇಳಿಸಿದರು ಎಂದು ಆಟ ಮುಗಿದ ಮೇಲೂ ಹೇಳಬಲ್ಲರು. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬಹುಪಾಲು ಕೌಶಲದ ಆಟವೆಂದಾಗ ಮುಂದಿಟ್ಟ ಕಾರಣಗಳಲ್ಲಿ ಈ ನೆನಪಿನ ಶಕ್ತಿಯೂ ಒಂದು. ಯಾವ ಎಲೆ ಹಿಡಿಯಬೇಕು, ಯಾವುದು ಬಿಡಬೇಕು ಎಂಬುದು ಇನ್ನೊಂದು. ನಮ್ಮ ಮೇಜುಗಳು ಸೋಲುವುದು ಅಲ್ಲೇ.

ಹತ್ತು ಎಲೆ ಕೂಡಿವೆ, ಮೂರು ಉಳಿದಿವೆ ಎನ್ನಿ. ಆಟೀನಿನ ಐದು ಮತ್ತು ಏಳು ಕೈಲಿದ್ದರೆ ಬೇಕಾದ್ದು ಆರು ಮಾತ್ರ. ಎರಡು ಕಟ್ಟಿನಲ್ಲಿ ಅದು ಇರುವುದೇ ಎರಡು. ಆರು, ಏಳು ಇದ್ದರೆ ಐದೂ ಎಂಟೂ ಸೇರಿ ನಾಲ್ಕು. ಇಷ್ಟು ಎಲ್ಲರಿಗೂ ಗೊತ್ತು. ಪ್ರಶ್ನೆ ಮೂರನೆಯ ಎಲೆಯದು: ಕಳಾವರದ ಎರಡೋ, ಇಸ್ಪೀಟಿನ ಏಳೋ? ಬಹುತೇಕರು ಕಳಾವರದ ಎರಡನ್ನು ಉಳಿಸಿಕೊಂಡು ಇಸ್ಪೀಟಿನ ಏಳನ್ನು ಇಳಿಸುತ್ತಾರೆ. ಬೇರೆಯವರು ಷೋ ಮಾಡಿದರೆ ಐದು ಪಾಯಿಂಟ್ ಕಡಿಮೆ ಬೀಳಲಿ ಎಂದು. ಆ ಏಳು ಕೈಲಿದ್ದರೆ ಆಟೀನಿನ ಏಳರ ಜೊತೆ ಸೇರಿ ಡೈಮಂಡಿನ ಏಳೂ ಕಳಾವರದ ಏಳೂ ಆಟ ಮುಗಿಸುತ್ತಿದ್ದವು. ಜೋಕರ್ ಬಿಟ್ಟೇ ನಾಲ್ಕು ಎಂಟಾಗುತ್ತಿತ್ತು. ಐದು ಪಾಯಿಂಟಿನ ಉಳಿತಾಯಕ್ಕೆ ಅರ್ಧ ಅವಕಾಶ ಕೊಟ್ಟಂತಾಯಿತು. ಎದುರಿನವರು ಷೋ ಅಂಚಿಗೆ ಬಂದಿರುವಾಗ ಈ ಜಿಪುಣತನ ಸರಿ. ಆಟದ ಮೊದಲಿಗೇ ಇದು ಬರೀ ಅಂಜುಬುರುಕತನ.

ಜಪಾನಿನ ಮಾಜಾಂಗ್ ಆಟಗಾರರು ಮೊದಲು ಕಲಿಯುವ ಪಾಠಗಳಲ್ಲಿ ಹೀಗೆ ಕಾಯುವಿಕೆಯನ್ನು ಎಣಿಸುವುದೂ ಒಂದು. ಒಂದೇ ಜಾತಿಯ ಎರಡರಿಂದ ಆರರವರೆಗಿನ ಬಿಲ್ಲೆ ಕೈಲಿದ್ದು, ಉಳಿದದ್ದೆಲ್ಲ ಕೂಡಿದ್ದರೆ ಒಂದು, ನಾಲ್ಕು, ಏಳು ಮೂರಕ್ಕೂ ಕಾಯಬಹುದು. ಪ್ರತಿ ಬಿಲ್ಲೆ ನಾಲ್ಕಿದ್ದರೂ ಒಂದು ನಾಲ್ಕು ತಮ್ಮ ಕೈಯಲ್ಲೇ ಇದೆಯೆಂದು ಕಳೆದು, ಹನ್ನೊಂದು ಎಂದು ಲೆಕ್ಕ ಹಾಕುತ್ತಾರೆ. ತಾವು ಕಾಯುವ ಯಾವುದೇ ಬಿಲ್ಲೆಯನ್ನು ಹಿಂದೆ ತಾವೇ ಎಸೆದಿದ್ದರೆ ಇನ್ನೊಬ್ಬರು ಎಸೆದದ್ದರಿಂದ ಗೆಲ್ಲುವಂತಿಲ್ಲ ಎಂಬ ಕಟ್ಟಳೆ ಬೇರೆ. ರಮ್ಮಿಗೆ ಅಂಥ ಬಿಗಿಯಿಲ್ಲ, ಹಾಗಾಗಿ ನಮಗೆ ಸಡಿಲ ಕೈ.

ನಮ್ಮ ಎಂಟೂ ಬದುಕಿರುವುದಿಲ್ಲ, ನಿಜ. ಕೆಲವು ಕೆಳಗೆ ಹೂತಿರುತ್ತವೆ, ಕೆಲವು ಇನ್ನೊಬ್ಬರ ಮುಷ್ಟಿಯಲ್ಲಿ. ಮಲೆನಾಡಿನ ಆ ನೆನಪು ನಿಜಕ್ಕೂ ದುಡಿಯಬೇಕಾದ್ದು ಇಲ್ಲಿ: ಸತ್ತ ಎಲೆ ಕಳೆದು ತನ್ನ ಕಾಯುವಿಕೆಯನ್ನು ಮತ್ತೆ ಎಣಿಸುವುದರಲ್ಲಿ. ಅಡ್ಡ ಬರುವುದು ಎಲೆಗಳನ್ನು ಜಾತಿವಾರು ಜೋಡಿಸುವ ಚಟ. ಆಟೀನೆಲ್ಲ ಒಂದು ಕಡೆ ಸೇರಿದ ಮೇಲೆ ಇಸ್ಪೀಟಿನ ಏಳು ಕೈಯ ತುದಿಯಲ್ಲಿ ಒಂಟಿಯಾಗಿ, ಕಸದ ಎಲೆಯಂತೆ ಕಾಣುತ್ತದೆ, ಹೋಗುತ್ತದೆ. ಅದನ್ನು ಆಟೀನಿನ ಏಳರ ಪಕ್ಕಕ್ಕೆ ಸರಿಸಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ.