ಮಾದರಿವಾಕ್ಯಗಳೂ ತುಂಗಭದ್ರೆಯ ಗೇಟೂ: ತಂತ್ರಾಂಶದ ಅಪೇಕ್ಷಾನಿರೂಪಣೆಯನ್ನು ಕುರಿತು ಒಂದು ವಿಮರ್ಶೆ

ಯಂತ್ರವನ್ನು ನಡೆಸುವ ತಂತ್ರಾಂಶವು ಏನನ್ನು ಮಾಡತಕ್ಕದ್ದೆಂಬುದನ್ನು ಅದರ ರಚನೆಗೆ ಮೊದಲೇ ಬರೆದಿಡುವುದು ಕೈಗಾರಿಕೆಯ ಪದ್ಧತಿ. ಆದರೆ ಆಡುಮಾತಿನ ಬರೆಹ ಸಡಿಲ. ತರ್ಕಶಾಸ್ತ್ರದ ಸೂತ್ರ ಬಿಗಿಯಾದರೂ ಅದನ್ನು ಸಲೀಸಾಗಿ ಓದಬಲ್ಲ ಎಂಜಿನಿಯರರು ವಿರಳ. ಈ ಅಂತರವನ್ನು ತುಂಬಲು ಡ್ವೈಯರ್, ಅವ್ರುನಿನ್, ಕಾರ್ಬೆಟ್ ಎಂಬ ವಿದ್ವಾಂಸರು 1999ರಲ್ಲಿ ಮಾದರಿಗಳ ಪಟ್ಟಿಯೊಂದನ್ನು ಮುಂದಿಟ್ಟರು. ಸಂಗ್ರಹಿಸಿದ 555 ನಿರೂಪಣೆಗಳಲ್ಲಿ 511 ಈ ಕೆಲವೇ ಅಚ್ಚುಗಳಿಗೆ ಹೊಂದುತ್ತವೆಂದು ತೋರಿಸಿದರು. 2005ರಲ್ಲಿ ಕಾನ್ರಾಡ್ ಮತ್ತು ಚೆಂಗ್ ಅವರು ಕಾಲಾವಧಿಯ ಅಳತೆಯನ್ನು ಕೂಡಿಸಿ, ಕಟ್ಟುಪಾಡಿನ ಇಂಗ್ಲಿಷ್ ವಾಕ್ಯಗಳ ರೂಪ ಕೊಟ್ಟರು. ಬಾಷ್ ಸಂಸ್ಥೆಯ ಮೋಟಾರು ವಾಹನಗಳ ಅಪೇಕ್ಷೆಗಳನ್ನು ಆ ರೂಪಕ್ಕೆ ಒಡ್ಡಿದ ಪರೀಕ್ಷೆಯ ವರದಿ 2011ರಲ್ಲಿ ಬಂದಿತು.

ಅಚ್ಚಿನ ಗುಣ ಸ್ಪಷ್ಟವಾಗಿದೆ. ಹಂಪೆಯ ದಾನಶಾಸನವನ್ನು ಓದಿ ರೂಢಿಯುಳ್ಳವರು ಕಾಲ, ದಾನಿ, ಸೀಮೆ, ಶಾಪ ಎಂಬ ಕ್ರಮದಲ್ಲಿ ಒಂದು ಬಿಟ್ಟುಹೋದರೂ ಕೂಡಲೇ ಗುರುತಿಸುತ್ತಾರೆ. ಮಾದರಿವಾಕ್ಯದಲ್ಲಿಯೂ ತುಂಬದ ಸ್ಥಾನ ಹಾಗೆಯೇ ಕಣ್ಣಿಗೆ ಬೀಳುತ್ತದೆ. ಇದು ಸಾಲದೆಂಬುದೇ ನಮ್ಮ ವಾದ.

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳನ್ನು ತಂತ್ರಾಂಶವೊಂದು ನಡೆಸುವುದೆಂದು ಭಾವಿಸೋಣ. ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಆದುದರಿಂದ "ಎಚ್ಚರಿಕೆ ಕೊಟ್ಟು ಗೇಟು ತೆರೆಯತಕ್ಕದ್ದು" ಎಂದು ಅಪೇಕ್ಷೆಯನ್ನು ಬರೆಯುತ್ತೇವೆ. ಕನ್ನಡಿಗನ ಕಿವಿಗೆ ಇದರಲ್ಲಿ ಕೊರತೆ ತೋರದು. ಆದರೆ "ಕೊಟ್ಟು" ಎಂಬ ಕೃದಂತದಲ್ಲಿ ಎರಡು ಅರ್ಥಗಳು ಅಡಗಿವೆ. ಎಚ್ಚರಿಕೆಯಿಲ್ಲದೆ ಗೇಟು ತೆರೆಯಕೂಡದು ಎಂಬುದು ಒಂದು. ಇದು ಪೂರ್ವವರ್ತಿತ್ವದ ಮಾದರಿ. ಎಚ್ಚರಿಕೆ ಕೊಟ್ಟಾಗಲೆಲ್ಲ ಗೇಟು ತೆರೆಯಲೇಬೇಕು ಎಂಬುದು ಇನ್ನೊಂದು. ಇದು ಪ್ರತಿಕ್ರಿಯೆಯ ಮಾದರಿ. ಎರಡನೆಯ ಅರ್ಥವನ್ನು ಹಿಡಿದ ಯಂತ್ರವು, ಎಚ್ಚರಿಕೆಯ ತರುವಾಯ ಒಳಹರಿವು ಇಳಿದರೂ ನೀರನ್ನು ಹೊಳೆಗೆ ಬಿಟ್ಟೇ ತೀರುತ್ತದೆ; ನಷ್ಟ ಕಾಲುವೆಯ ರೈತನದು. ಇಲ್ಲಿ ಮಾದರಿಯು ಬರೆಯುವವನನ್ನು ತಡೆದು "ಯಾವುದು?" ಎಂದು ಕೇಳುತ್ತದೆ. ಇಷ್ಟು ಉಪಕಾರವನ್ನು ನಾವು ಒಪ್ಪಲೇಬೇಕು.

ಪೂರ್ವವರ್ತಿತ್ವವನ್ನೇ ಆರಿಸಿದೆವೆನ್ನಿ. ಸಂಡೂರಿನ ಅದಿರನ್ನು ಸಾಗಿಸುವಂಥ ಕನ್ವೇಯರ್ ಪಟ್ಟಿಗೆ ಈ ಅಚ್ಚು ಚೆನ್ನಾಗಿ ಒಪ್ಪುತ್ತದೆ: ಸೈರನ್ ಕೂಗದೆ ಮೋಟಾರು ತಿರುಗಕೂಡದು, ಮೋಟಾರು ತಿರುಗದೆ ಸಮತಟ್ಟಿನ ಪಟ್ಟಿ ತಾನಾಗಿ ಓಡದು. ಜಲಾಶಯದ ಸ್ಥಿತಿ ಬೇರೆ. ಅಲ್ಲಿ ನೀರು ಗೇಟಿನ ಮೇಲೆ ಸದಾ ಒತ್ತುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತಂತ್ರಾಂಶದ ತಪ್ಪು ಅಲ್ಲಿರಲಿಲ್ಲ; ಆದರೆ ಆ ನೀರು ಯಾರ ಆಜ್ಞೆಗೂ ಕಾಯಲಿಲ್ಲ. ನಾವು ಬರೆದ ವಾಕ್ಯವನ್ನು ತಂತ್ರಾಂಶವು ಚಾಚೂ ತಪ್ಪದೆ ಪಾಲಿಸಿರಬಹುದು: ತೆರೆಯುವ ಆಜ್ಞೆಯನ್ನು ಅದು ಕೊಟ್ಟೇ ಇಲ್ಲವಲ್ಲ! ಎಚ್ಚರಿಕೆ ಕೊಡಬೇಕಾದ ಸಂದರ್ಭವೂ ಅದರ ಲೆಕ್ಕದಲ್ಲಿ ಬರಲಿಲ್ಲ.

ಜೇವ್ ಮತ್ತು ಜ್ಯಾಕ್ಸನ್ ಅವರು 1997ರಲ್ಲಿಯೇ ಹೊರಜಗತ್ತಿನ ಬಗೆಗಿನ ನಂಬಿಕೆಯನ್ನೂ ಯಂತ್ರದ ಕರ್ತವ್ಯವನ್ನೂ ಬೇರ್ಪಡಿಸಿ ಬರೆಯಬೇಕೆಂದು ವಾದಿಸಿದ್ದರು. ನಮ್ಮ ವಾಕ್ಯದಲ್ಲಿ "ಸರಪಳಿ ತಡೆಯುತ್ತದೆ" ಎಂಬ ನಂಬಿಕೆ ಹೇಳದೆಯೇ ಉಳಿದಿತ್ತು; ಅದಕ್ಕೆ ಅಚ್ಚಿನಲ್ಲಿ ಸ್ಥಾನವಿರಲಿಲ್ಲ, ಆದುದರಿಂದ ಕೊರತೆಯೂ ಕಾಣಲಿಲ್ಲ. ಮಾದರಿಗಳನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ಮೊದಲು ಇಂಥ ನಂಬಿಕೆಗಳನ್ನು ಬರೆಯಿಸಿ, ಒಂದೊಂದೂ ಸುಳ್ಳಾದರೆ ಏನಾಗತಕ್ಕದ್ದೆಂದು ಕೇಳುವುದು ಅಗತ್ಯವೆಂದು ನಮಗೆ ತೋರುತ್ತದೆ. ಆಗ ಎರಡನೆಯ ವಾಕ್ಯವೊಂದು ಹುಟ್ಟುತ್ತದೆ: ಆಜ್ಞೆಯಿಲ್ಲದೆ ನೀರು ಹೊರಬಿದ್ದುದು ಕಂಡಾಗಲೆಲ್ಲ, ಗೊತ್ತಾದ ಅವಧಿಯೊಳಗೆ ಕೆಳದಂಡೆಗೆ ಎಚ್ಚರಿಕೆ ಮುಟ್ಟಬೇಕು. ಈ ಪ್ರತಿಕ್ರಿಯೆಯ ಮಾದರಿಯೂ, ಅವಧಿಯ ಸ್ಥಾನವೂ ಪಟ್ಟಿಯಲ್ಲಿ ಸಿದ್ಧವಾಗಿಯೇ ಇವೆ. ಅವಧಿ ಎಷ್ಟೆಂಬುದನ್ನು ಮಾತ್ರ, ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗೆ ನೀರು ಹರಿದುಬರುವ ಹೊತ್ತನ್ನು ಅಳೆದವರು ಹೇಳಬೇಕು.