ಕಸಬುದಾರರ ರೋಗಗಳನ್ನು ಕುರಿತ ಒಂದು ಹಳೆಯ ಗ್ರಂಥ

ವೈದ್ಯಗ್ರಂಥಗಳು ಸಾಧಾರಣವಾಗಿ ಸಾಹಿತ್ಯವಿಮರ್ಶೆಗೆ ವಿಷಯವಾಗುವುದಿಲ್ಲ. ಅವುಗಳ ಆಯುಷ್ಯವೂ ಅಲ್ಪ; ಹೊಸ ಮದ್ದು ಬಂದೊಡನೆ ಹಳೆಯ ಪುಸ್ತಕವು ಅಟ್ಟವನ್ನು ಸೇರುತ್ತದೆ. ಆದರೆ ಇಟಲಿಯ ಮೋದೆನಾ ನಗರದಲ್ಲಿ 1700ನೆಯ ಇಸವಿಯಲ್ಲಿ ಅಚ್ಚಾದ ಒಂದು ಲ್ಯಾಟಿನ್ ಗ್ರಂಥವು, ಅದರಲ್ಲಿ ಹೇಳಿರುವ ಚಿಕಿತ್ಸೆಗಳು ಬಹುಮಟ್ಟಿಗೆ ನಿರುಪಯೋಗಿಗಳಾದ ಮೇಲೂ ಓದುಗರನ್ನು ಉಳಿಸಿಕೊಂಡಿದೆ. ಅದರ ಹೆಸರು ‘ದೆ ಮೋರ್ಬಿಸ್ ಆರ್ತಿಫಿಕುಂ ದಿಯಾತ್ರಿಬಾ’, ಎಂದರೆ ‘ಕಸಬುದಾರರ ರೋಗಗಳನ್ನು ಕುರಿತ ಪ್ರಬಂಧ’. ಕರ್ತೃ ಬರ್ನಾರ್ದಿನೋ ರಾಮತ್ಸೀನಿ. ಈತನು 1633ರಲ್ಲಿ ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿ, ಮೋದೆನಾದಲ್ಲಿಯೂ ಆಮೇಲೆ ಪಾದುವಾದಲ್ಲಿಯೂ ವೈದ್ಯಶಾಸ್ತ್ರದ ಅಧ್ಯಾಪಕನಾಗಿದ್ದು, 1714ರಲ್ಲಿ ತೀರಿಕೊಂಡನು. ಗ್ರಂಥವು ಹೊರಬಂದಾಗ ಆತನಿಗೆ ಅರವತ್ತು ದಾಟಿತ್ತು. 1713ರಲ್ಲಿ ಇನ್ನಷ್ಟು ಕಸಬುಗಳನ್ನು ಸೇರಿಸಿ ಎರಡನೆಯ ಮುದ್ರಣವನ್ನು ಪ್ರಕಟಿಸಿದನು. 1705ರಲ್ಲಿಯೇ ಇಂಗ್ಲಿಷ್ ಭಾಷಾಂತರವಾಯಿತು. 1940ರಲ್ಲಿ ಶಿಕಾಗೋದಿಂದ ವಿಲ್ಮರ್ ಕೇವ್ ರೈಟ್ ಎಂಬ ವಿದುಷಿಯು ಮೂಲವನ್ನೂ ಅನುವಾದವನ್ನೂ ಜೊತೆಯಲ್ಲಿಟ್ಟು ಹೊರತಂದ ಆವೃತ್ತಿಯಿಂದ, ಲ್ಯಾಟಿನ್ ಬಾರದವರಿಗೂ ಈ ಗ್ರಂಥದ ಪರಿಚಯ ಸುಲಭವಾಯಿತು.

ಗ್ರಂಥವು ಹುಟ್ಟಿದ ಬಗೆಯನ್ನು ಗ್ರಂಥಕಾರನೇ ಹೇಳಿದ್ದಾನೆ. ಆದರೆ ಮುನ್ನುಡಿಯಲ್ಲಿ ಅಲ್ಲ. ಮೊದಲ ಅಧ್ಯಾಯವು ಗಣಿಯವರದು. ಆಮೇಲೆ ಚಿನ್ನದ ಲೇಪ ಕೊಡುವವರು, ರಸವಾದಿಗಳು, ಕುಂಬಾರರು, ಗಾಜಿನವರು ಮುಂತಾದವರೆಲ್ಲ ಬಂದು, ಪುಸ್ತಕದ ನಡುವೆ ಮಲಗುಂಡಿ ತೊಳೆಯುವವರ ಸರದಿ ಬಂದಾಗ ಮಾತ್ರ ಈ ಕಥೆ ಹೊರಬೀಳುತ್ತದೆ. ಮೋದೆನಾ ಒತ್ತಾಗಿ ಮನೆಗಳನ್ನು ಕಟ್ಟಿದ ಊರು. ಮನೆಮನೆಯ ಗುಂಡಿಗಳನ್ನು ಕೆಲವು ವರ್ಷಗಳಿಗೊಮ್ಮೆ ಬರಿದುಮಾಡಿಸುವ ಪದ್ಧತಿ ಅಲ್ಲಿತ್ತು. ಆ ಕೆಲಸ ತನ್ನ ಮನೆಯಲ್ಲಿಯೇ ನಡೆಯುತ್ತಿದ್ದಾಗ, ಗುಂಡಿಯಲ್ಲಿದ್ದ ಆಳು ವಿಪರೀತ ಆತುರದಿಂದ ದುಡಿಯುವುದನ್ನು ರಾಮತ್ಸೀನಿ ಕಂಡನು. ಸ್ವಲ್ಪ ನಿಧಾನವಾಗಿ ಮಾಡಿದರೆ ಇಷ್ಟು ಆಯಾಸವಾಗದಲ್ಲವೆ ಎಂದು ಕನಿಕರದಿಂದ ಕೇಳಿದನು. ಆಳು ತಲೆಯೆತ್ತಿ ನೋಡಿ, ಈ ಸ್ಥಳದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರುವುದೆಂದರೆ ಏನೆಂಬುದು ಇದ್ದವರಿಗಲ್ಲದೆ ತಿಳಿಯದು, ಅದು ಕುರುಡನಾಗುವುದಕ್ಕೆ ಸಮ ಎಂದನಂತೆ. ಅವನು ಮೇಲೆ ಬಂದ ಬಳಿಕ ವೈದ್ಯನು ಅವನ ಕಣ್ಣುಗಳನ್ನು ಪರೀಕ್ಷಿಸಿದನು. ಅವು ಕೆಂಪೇರಿ ಮಸಕಾಗಿದ್ದುವು. ಇದಕ್ಕೆ ನಿಮ್ಮವರು ಮಾಡಿಕೊಳ್ಳುವ ಮದ್ದೇನೆಂದು ಕೇಳಿದ್ದಕ್ಕೆ, ನೇರವಾಗಿ ಮನೆಗೆ ಹೋಗಿ ಕತ್ತಲೆಯ ಕೋಣೆಯಲ್ಲಿ ಮರುದಿನದವರೆಗೂ ಇದ್ದು, ಉಗುರುಬೆಚ್ಚನೆಯ ನೀರಿನಿಂದ ಕಣ್ಣು ತೊಳೆಯುವುದು ಎಂಬ ಉತ್ತರ ಬಂತು. ಆಮೇಲೆ ಅದೇ ಕಸಬಿನವರು ಕಣ್ಣು ಹೋಗಿ ಊರಿನಲ್ಲಿ ಭಿಕ್ಷೆ ಬೇಡುತ್ತಿರುವುದನ್ನು ಆತನು ಗುರುತಿಸಿದನು. ಅವರ ಜೇಬಿನಲ್ಲಿದ್ದ ತಾಮ್ರದ ಮತ್ತು ಬೆಳ್ಳಿಯ ನಾಣ್ಯಗಳು ಕಪ್ಪಾಗುವುದನ್ನೂ ಆತನು ಬಿಡದೆ ಬರೆದುಕೊಂಡಿದ್ದಾನೆ. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಲೋಹವನ್ನು ಕಪ್ಪಾಗಿಸುತ್ತದೆ, ಕಣ್ಣನ್ನು ಉರಿಸುತ್ತದೆ, ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ ಎಂದು ಇಂದು ರಸಾಯನಶಾಸ್ತ್ರವು ಹೇಳುವುದನ್ನು ಆ ನಾಣ್ಯಗಳು ಆಗಲೇ ತೋರಿಸಿದ್ದುವು.

ಗ್ರಂಥದ ಬೀಜವಾದ ಈ ಪ್ರಸಂಗವನ್ನು ಹೀಗೆ ನಡುವೆ ಹುದುಗಿಸಿಟ್ಟಿದ್ದು ರಚನೆಯ ದೋಷವೆಂದು ಎಣಿಸಬಹುದು. ಹಾಗೆ ಎಣಿಸದಿರುವುದಕ್ಕೂ ಕಾರಣವುಂಟು. ಮುನ್ನುಡಿಯಲ್ಲಿಟ್ಟಿದ್ದರೆ ಅದು ಗ್ರಂಥಕರ್ತನ ದಯಾಗುಣಕ್ಕೆ ಸಾಕ್ಷಿಯಾಗುತ್ತಿತ್ತು. ಆ ಕಸಬಿನ ಅಧ್ಯಾಯದಲ್ಲಿಯೇ ಇಟ್ಟಿದ್ದರಿಂದ ಅದು ಆ ಆಳಿನ ಮಾತಾಗಿ ಉಳಿದಿದೆ.

ಈ ಸಂಭಾಷಣೆಯಿಂದ ರಾಮತ್ಸೀನಿ ಕಲಿತದ್ದು ಒಂದು ಪ್ರಶ್ನೆಯನ್ನು. ರೋಗಿಯ ಬಳಿಗೆ ಹೋದ ವೈದ್ಯನು ಕೇಳಬೇಕಾದ ಪ್ರಶ್ನೆಗಳನ್ನು ಗ್ರೀಸಿನ ಹಿಪ್ಪೊಕ್ರಾತಿಸ್ ಹೇಳಿದ್ದನಷ್ಟೆ. ಅವುಗಳ ಜೊತೆಗೆ ನಿನ್ನ ಕಸಬೇನು ಎಂಬುದನ್ನೂ ಕೇಳಬೇಕೆಂದು ಈತನು ಸೇರಿಸಿದನು. ಬಡವನ ಮನೆಗೆ ಹೋದ ವೈದ್ಯನಿಗೆ ಚಿನ್ನದ ಪೀಠ ದೊರೆಯದಿದ್ದರೆ ಮೂರು ಕಾಲಿನ ಮಣೆಯ ಮೇಲಾದರೂ ಕುಳಿತು, ಸಾವಧಾನವಾಗಿ ವಿಚಾರಿಸಬೇಕು ಎಂಬ ಮಾತೂ ಅಲ್ಲಿಯೇ ಇದೆ.

ಭಾರತೀಯ ವೈದ್ಯದಲ್ಲಿ ಈ ದೃಷ್ಟಿ ಇರಲಿಲ್ಲವೆಂದು ಹೇಳುವಂತಿಲ್ಲ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಸದಾ ರೋಗಿಗಳಾಗಿರುವವರು ಎಂದು ನಾಲ್ಕು ವರ್ಗದವರನ್ನು ಎಣಿಸಿದೆ: ಶ್ರೋತ್ರಿಯರು, ರಾಜಸೇವಕರು, ವೇಶ್ಯೆಯರು, ವರ್ತಕರು. ಇವರೆಲ್ಲರೂ ತಮ್ಮ ವೃತ್ತಿಗೆ ಕಟ್ಟುಬಿದ್ದು ಹೊತ್ತುಮೀರಿ ಉಣ್ಣುವವರು, ದೇಹದ ಸ್ವಾಭಾವಿಕ ವೇಗಗಳನ್ನು ತಡೆಯುವವರು. ಆದ್ದರಿಂದ ರೋಗ ಬಿಡದು ಎಂದು ಅಲ್ಲಿಯ ವಾದ. ವೃತ್ತಿಯೇ ರೋಗಕ್ಕೆ ಕಾರಣವಾಗಬಲ್ಲದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಆದರೆ ಆ ಪಟ್ಟಿಯಲ್ಲಿ ಕುಂಬಾರನಿಲ್ಲ, ಕಮ್ಮಾರನಿಲ್ಲ, ಕಲ್ಲುಕುಟಿಗನಿಲ್ಲ. ವೈದ್ಯನ ಮನೆಯ ಬಾಗಿಲಿಗೆ ಬರಬಲ್ಲವರು, ವೈದ್ಯನನ್ನು ಕರೆಸಬಲ್ಲವರು ಮಾತ್ರ ಅಲ್ಲಿದ್ದಾರೆ. ರಾಮತ್ಸೀನಿಯ ಹೆಚ್ಚುಗಾರಿಕೆಯೆಂದರೆ ವೈದ್ಯನನ್ನು ಕರೆಸಲಾರದವನ ಅಂಗಡಿಗೆ ತಾನೇ ಹೋದದ್ದು. ಹಾಗೆ ಹೋಗುವುದರಿಂದ ಶಾಸ್ತ್ರದ ಗೌರವಕ್ಕೆ ಕುಂದಿಲ್ಲವೆಂದು ಆತನು ಸಮಜಾಯಿಷಿ ಹೇಳಬೇಕಾಗಿ ಬಂದದ್ದನ್ನು ನೋಡಿದರೆ, ಆ ಕಾಲದ ವಿದ್ವಾಂಸರ ಮನೋಧರ್ಮವೂ ತಿಳಿಯುತ್ತದೆ.

ಅಂಗಡಿಯೊಳಗೆ ಹೋದವನ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಈ ಪುಸ್ತಕದ ಗದ್ಯವೇ ಪ್ರಮಾಣ. ಕುಂಬಾರರು ಮಡಕೆಗೆ ಮೆರುಗು ಕೊಡಲು ಸೀಸವನ್ನು ಅರೆಯುವರು. ಮೊದಲು ಅವರ ಕೈ ನಡುಗತೊಡಗುವುದು, ಆಮೇಲೆ ಲಕ್ವ ಹೊಡೆಯುವುದು, ಹಲ್ಲು ಉದುರುವುದು, ಕಡೆಗೆ ಮುಖವೇ ಸೀಸದ ಬಣ್ಣಕ್ಕೆ ತಿರುಗುವುದು; ಒಂದೊಂದು ಮೆಟ್ಟಿಲನ್ನೂ ಬಿಡದೆ ಆತನು ಇಳಿಯುತ್ತಾನೆ. ವೆನಿಸ್ಸಿನ ಬಳಿಯ ಮುರಾನೋ ದ್ವೀಪದಲ್ಲಿ ದೊಡ್ಡ ಕನ್ನಡಿಗಳನ್ನು ಮಾಡುವವರು ಪಾದರಸದ ವಿಷಕ್ಕೆ ಗುರಿಯಾಗಿ, ತಾವೇ ಸಿದ್ಧಪಡಿಸಿದ ಕನ್ನಡಿಯಲ್ಲಿ ತಮ್ಮ ಮುಖವನ್ನು ಒಲ್ಲದ ಮನಸ್ಸಿನಿಂದ ನೋಡಿ ಕಸಬನ್ನು ಶಪಿಸುವರೆಂಬ ವರ್ಣನೆಯನ್ನು ಓದಿದವರು ಮರೆಯಲಾರರು. ಅಲಂಕಾರಶಾಸ್ತ್ರದ ಸಹಾಯದಿಂದ ಇಂಥ ಚಿತ್ರವನ್ನು ಕಟ್ಟಲು ಹೊರಟರೆ ಅದು ಕೃತಕವಾದೀತು. ಇಲ್ಲಿ ಚಿತ್ರವು ಕಸಬಿನೊಳಗೇ ಇತ್ತು. ಗ್ರಂಥಕಾರನು ಅದನ್ನು ನೋಡಿದನು, ಅಷ್ಟೆ. ಕಲ್ಲುಕುಟಿಗರ ಅಧ್ಯಾಯದಲ್ಲಿ ಡೀಮರ್‌ಬ್ರೂಕ್ ಎಂಬ ಡಚ್ ವೈದ್ಯನ ಶವಪರೀಕ್ಷೆಯ ಅನುಭವವನ್ನು ಉದ್ಧರಿಸಿದೆ: ಶ್ವಾಸಕೋಶವನ್ನು ಕೊಯ್ಯುವಾಗ ಕತ್ತಿಯು ಮರಳಿನಲ್ಲಿ ಹಾಯ್ದಂತಾಯಿತಂತೆ.

ವಿದ್ಯಾವಂತರ ಮನೆಗಳಲ್ಲಿ ಈ ಪುಸ್ತಕವನ್ನು ಓದುವವರು ತಾವು ಇದರ ಹೊರಗಿದ್ದೇವೆಂದು ತಿಳಿಯಬೇಕಾಗಿಲ್ಲ. ಪಂಡಿತರ ರೋಗಗಳಿಗೆ ಒಂದು ಅಧ್ಯಾಯವಿದೆ. ಎರಡನೆಯ ಮುದ್ರಣದಲ್ಲಿ ಸೇರಿದ ಲೇಖಕರ, ಗುಮಾಸ್ತರ ಅಧ್ಯಾಯವು ಇನ್ನೂ ಸೊಗಸು. ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಎಡೆಬಿಡದೆ ಆಡಿಸುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು ಎಂದು ಮೂರು ಕಾರಣಗಳನ್ನು ಹೇಳಿ, ಬಲಗೈ ಸೋತುಹೋದ ಒಬ್ಬ ಬರವಣಿಗೆಗಾರನು ಎಡಗೈಯಲ್ಲಿ ಬರೆಯಲು ಕಲಿತದ್ದನ್ನೂ, ಸ್ವಲ್ಪ ಕಾಲದಲ್ಲಿ ಎಡಗೈಗೂ ಅದೇ ಗತಿಯಾದುದನ್ನೂ ತಿಳಿಸುತ್ತಾನೆ. ಗಣಕಯಂತ್ರದ ಮುಂದೆ ದಿನವಿಡೀ ಬೆರಳಾಡಿಸುವವರು ಈ ಪುಟಗಳನ್ನು ತಮಗಾಗಿಯೇ ಬರೆದುವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅಚ್ಚುಮೊಳೆ ಜೋಡಿಸುವವರಿಗೆ ರಾತ್ರಿಯೂ ಅಕ್ಷರಗಳು ಕಣ್ಣಿಗೆ ಕಟ್ಟಿದಂತಿರುವುವೆಂಬ ಮಾತು ಅದೇ ಮುದ್ರಣದ ಇನ್ನೊಂದು ಅಧ್ಯಾಯದಲ್ಲಿ ಬರುತ್ತದೆ.

ಯೆಹೂದ್ಯರ ಬಗೆಗಿನ ಅಧ್ಯಾಯವನ್ನು ಇಂದಿನವರು ಎಚ್ಚರದಿಂದ ಓದಬೇಕು. ಒಂದು ಮತದವರನ್ನು ಒಂದು ಕಸಬಿನಂತೆ ಎಣಿಸಿದ್ದೇ ಆ ಕಾಲದ ಸಂಕುಚಿತ ಭಾವನೆಯ ಗುರುತು. ಆದರೂ ಅಲ್ಲಿ ಒಂದು ವಾಕ್ಯವಿದೆ. ಆ ಜನರಿಗೆ ಹುಟ್ಟಿನಿಂದಲೇ ದುರ್ವಾಸನೆಯುಂಟೆಂಬ ಲೋಕದ ನಂಬಿಕೆ ತಪ್ಪು, ಇಕ್ಕಟ್ಟಾದ ವಾಸವೂ ಬಡತನವೂ ಅದಕ್ಕೆ ಕಾರಣ ಎಂದು ಆತನು ಬರೆಯುತ್ತಾನೆ. ಕಸಬಿನ ಕೊಳೆಯನ್ನು ಕುಲದ ಕೊಳೆಯೆಂದು ಶತಮಾನಗಳಿಂದ ಎಣಿಸಿ, ಮಲಗುಂಡಿಗೆ ಇಳಿಯುವವನನ್ನು ಹುಟ್ಟಿನಿಂದಲೇ ಗೊತ್ತುಮಾಡಿಟ್ಟ ದೇಶದಲ್ಲಿ ಈ ವಾಕ್ಯಕ್ಕೆ ಬೇರೆಯೇ ತೂಕವಿದೆ.

ಇನ್ನು ದೋಷಗಳು. ಉದ್ಧರಣೆಗಳ ಭಾರ ಅತಿಯಾಯಿತು. ಹಳೆಯ ಗ್ರೀಕ್, ರೋಮನ್ ಕವಿಗಳನ್ನು ಸಾಕ್ಷಿಗೆ ಕರೆಯದೆ ಒಂದು ಪುಟವೂ ಮುಂದುವರಿಯದು. ರಕ್ತ ತೆಗೆಯುವುದು, ವಿರೇಚನ ಕೊಡುವುದು ಎಂಬ ಚಿಕಿತ್ಸಾಭಾಗವನ್ನು ಇಂದು ಯಾರೂ ಅನುಸರಿಸಲಾರರು. ಭಾಷೆಯೂ ಲ್ಯಾಟಿನ್, ಯಾರನ್ನು ಕುರಿತು ಪುಸ್ತಕ ಹುಟ್ಟಿತೋ ಅವರಲ್ಲಿ ಓದಬಲ್ಲವರು ಇರಲಿಲ್ಲ. ಇವುಗಳಿಗೆ ಕಾಲದ ಪದ್ಧತಿಯೆಂಬ ಸಮಾಧಾನವನ್ನು ಹೇಳಬಹುದು. ಆದರೆ ಇನ್ನೊಂದು ಕೊರತೆಯುಂಟು. ಅದನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗುವುದಿಲ್ಲ. ರಾಮತ್ಸೀನಿಯ ಉಪದೇಶವೆಲ್ಲ ಕೆಲಸಗಾರನಿಗೇ. ಧೂಳಿನಲ್ಲಿ ದುಡಿಯುವವನು ಮುಖಕ್ಕೆ ಬಟ್ಟೆ ಕಟ್ಟಬೇಕು, ಬಾಯಿ ಮುಕ್ಕಳಿಸಬೇಕು. ಗುಂಡಿಗೆ ಇಳಿಯುವವನು ಪಾರದರ್ಶಕವಾದ ಚೀಲವನ್ನು ಮುಖಕ್ಕೆ ಧರಿಸಬೇಕು. ಕುಳಿತವನು ಓಡಾಡಬೇಕು, ನಿಂತವನು ಕುಳಿತುಕೊಳ್ಳಬೇಕು. ಉಪದೇಶವು ಹಿತವಾದುದೇ. ಕೆಲಸ ಮಾಡಿಸುವ ಧನಿಗೆ ಏನು ಹೇಳಬೇಕೆಂಬಲ್ಲಿ ಮಾತ್ರ ಲೇಖನಿ ತಡವರಿಸುತ್ತದೆ. ಸುವ್ಯವಸ್ಥಿತವಾದ ನಗರಗಳಲ್ಲಿ ದುಡಿಯುವವರ ಹಿತಕ್ಕಾಗಿ ಶಾಸನಗಳಿವೆ, ವೈದ್ಯವೂ ತನ್ನ ಪಾಲನ್ನು ಸಲ್ಲಿಸಲಿ ಎಂದು ಮುನ್ನುಡಿಯಲ್ಲಿ ಹೇಳಿ, ಶಾಸನದ ಭಾಗವನ್ನು ಶಾಸನದವರಿಗೇ ಬಿಟ್ಟಿದ್ದಾನೆ.

ಹಾಗೆ ಬಿಟ್ಟದ್ದರ ಪರಿಣಾಮ ಏನಾಗಬಹುದೆಂಬುದು ರಸವಾದಿಗಳ ಅಧ್ಯಾಯದಲ್ಲಿಯೇ ಇದೆ. ಮೋದೆನಾ ಸಂಸ್ಥಾನದ ಫಿನಾಲೆ ಎಂಬ ಊರಿನಲ್ಲಿ ಒಬ್ಬ ವರ್ತಕನು ರಸಕರ್ಪೂರ ತಯಾರಿಸುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದನು. ಅದಕ್ಕಾಗಿ ಒಲೆಯಲ್ಲಿ ಅನ್ನಭೇದಿಯನ್ನು ಹುರಿದಾಗಲೆಲ್ಲ ಸುತ್ತಲಿನ ಬೀದಿಗಳಿಗೆ ವಿಷದ ಹೊಗೆ ತುಂಬುತ್ತದೆಂದು, ಕಾರ್ಖಾನೆಯನ್ನು ಊರ ಹೊರಗೆ ಒಯ್ಯಬೇಕೆಂದು, ಊರಿನವನೊಬ್ಬನು ನ್ಯಾಯಾಲಯಕ್ಕೆ ಹೋದನು. ಊರ ವೈದ್ಯನ ಪ್ರಮಾಣವಚನವನ್ನೂ ಚರ್ಚಿನ ಮರಣದ ದಾಖಲೆಯನ್ನೂ ಮುಂದಿಟ್ಟನು. ಬೇರೆ ಬೀದಿಗಳಿಗಿಂತ ಆ ನೆರೆಯಲ್ಲಿ ವರ್ಷವರ್ಷವೂ ಹೆಚ್ಚು ಜನರು ಸಾಯುತ್ತಿದ್ದುದು, ಅದೂ ಕ್ಷಯದಿಂದ ಮತ್ತು ಎದೆಯ ರೋಗಗಳಿಂದ, ಅವುಗಳಿಂದ ತಿಳಿಯುತ್ತಿತ್ತು. ಎರಡು ಪಕ್ಷಗಳಿಂದಲೂ ಜಾಣ್ಮೆಯ ವಾದಪತ್ರಗಳು ಅಚ್ಚಾಗಿ ಹೊರಬಂದುವು. ಕೊನೆಗೆ ವರ್ತಕನು ಗೆದ್ದನು. ಅನ್ನಭೇದಿಯು ನಿರಪರಾಧಿಯೆಂದು ತೀರ್ಮಾನವಾಯಿತು. ನ್ಯಾಯವಾದಿಗಳು ಸರಿಯಾಗಿ ತೀರ್ಪುಕೊಟ್ಟರೋ ಇಲ್ಲವೋ ಎಂಬುದನ್ನು ಪ್ರಕೃತಿಶಾಸ್ತ್ರ ಬಲ್ಲವರ ವಿವೇಚನೆಗೆ ಬಿಟ್ಟಿದೆಯೆಂದು ಹೇಳಿ ರಾಮತ್ಸೀನಿ ಸುಮ್ಮನಾಗುತ್ತಾನೆ.

ಈ ಮೌನವನ್ನು ಹೇಗೆ ಓದಬೇಕು? ಆ ಶಾಸ್ತ್ರ ಬಲ್ಲವರಲ್ಲಿ ತಾನೇ ಅಗ್ರಗಣ್ಯನೆಂದು ಆತನಿಗೆ ಗೊತ್ತಿತ್ತು. ಆದ್ದರಿಂದ ಇದು ವ್ಯಂಗ್ಯ, ಹೊಗೆಯ ಅಧ್ಯಾಯದಲ್ಲಿ ಹೊಗೆಯನ್ನು ನಿರಪರಾಧಿಯೆಂದು ಬರೆಯುವುದೇ ಖಂಡನೆ ಎಂದು ಒಂದು ಪಕ್ಷ. ದೊರೆಯ ಆಶ್ರಯದಲ್ಲಿದ್ದ ಅಧ್ಯಾಪಕನು ದೊರೆಯ ರಾಜ್ಯದಲ್ಲಿ ಆದ ತೀರ್ಪನ್ನು ಬಾಯಿಬಿಟ್ಟು ತೆಗಳಲಾರದೆ ಹೋದನೆಂದು ಇನ್ನೊಂದು. ವಾಕ್ಯದ ನಡಿಗೆಯನ್ನು ನೋಡಿದರೆ ಮೊದಲನೆಯ ಪಕ್ಷವೇ ಬಲವಾದುದೆಂದು ತೋರುತ್ತದೆ. ಆದರೆ ವ್ಯಂಗ್ಯವು ಎಷ್ಟೇ ಸೊಗಸಾಗಿರಲಿ, ಲ್ಯಾಟಿನ್ ಬಲ್ಲ ಓದುಗನು ಮುಗುಳುನಗುತ್ತಿದ್ದಾಗ ಫಿನಾಲೆಯವರ ಬಾಗಿಲಿಗೆ ಹೊಗೆ ಬರುತ್ತಲೇ ಇತ್ತು. ಇಲ್ಲಿ ಗ್ರಂಥಕಾರನಿಂದ ಬೇಕಾಗಿದ್ದುದು ರಸಿಕತೆಯಲ್ಲ, ಸಾಕ್ಷ್ಯ. ಕುಂಬಾರನ ಕೈಯನ್ನು ಅಷ್ಟು ನಿರ್ಭಯವಾಗಿ ವರ್ಣಿಸಿದವನು ಈ ಒಂದು ಎಡೆಯಲ್ಲಿ ಹಿಂದೆಗೆದದ್ದು ಗ್ರಂಥದ ನಿಜವಾದ ಊನ.

ಆತನ ಪ್ರಶ್ನೆಯು ಆತನು ಹೋಗದ ಕಡೆಗೂ ಹೋಯಿತೆಂಬುದು ಸಂತೋಷದ ಸಂಗತಿ. ಇಂಗ್ಲೆಂಡಿನಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು, ಹೊಗೆಗೂಡು ಗುಡಿಸುವವರಿಗೆ ಬರುವ ಅರ್ಬುದಕ್ಕೆ ಮಸಿಯೇ ಕಾರಣವೆಂದು 1775ರಲ್ಲಿ ಬರೆದನು. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಸೀಸದ ವಿಷ, ಪಾದರಸದ ವಿಷ, ಸಿಲಿಕೋಸಿಸ್ ಮೊದಲಾದ ರೋಗಗಳ ಪಟ್ಟಿಯನ್ನು ಕೊಟ್ಟು, ಅವು ಕಂಡುಬಂದರೆ ಸರ್ಕಾರಕ್ಕೆ ತಿಳಿಸುವ ಹೊಣೆಯನ್ನು ಕಾರ್ಖಾನೆಯ ಮೇಲೂ ವೈದ್ಯನ ಮೇಲೂ ಹೊರಿಸಿತು. ಮೂರು ಕಾಲಿನ ಮಣೆಯ ಮೇಲೆ ಕುಳಿತು ಕೇಳಿದ ಪ್ರಶ್ನೆ ಹೀಗೆ ಶಾಸನದ ಮಾತಾಯಿತು.

ಸಿಲಿಕೋಸಿಸ್ ಎಂದರೆ ಡೀಮರ್‌ಬ್ರೂಕನ ಕತ್ತಿಗೆ ಸಿಕ್ಕಿದ ಆ ಮರಳೇ. ಭಾರತದಲ್ಲಿ ಅದು ಮೊತ್ತಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಯನ್ನು 2001ರಲ್ಲಿ ಮುಚ್ಚಲಾಯಿತು; ಚಿನ್ನದ ಲೆಕ್ಕವು ಸರ್ಕಾರದ ಪುಸ್ತಕಗಳಲ್ಲಿದೆ, ಕಲ್ಲಿನ ಧೂಳು ಜನರ ಎದೆಯಲ್ಲಿ ಉಳಿಯಿತು. ಕ್ಷಯವೆಂದು ತಪ್ಪಾಗಿ ತಿಳಿದು ಕ್ಷಯದ ಮದ್ದನ್ನೇ ಕೊಡುವುದು ಈ ರೋಗದಲ್ಲಿ ಸಾಮಾನ್ಯ; ಕಸಬೇನೆಂದು ಕೇಳದಿದ್ದರೆ ಎರಡೂ ಒಂದೇ ಕೆಮ್ಮಿನಂತೆ ಕೇಳುತ್ತವೆ. ಇನ್ನು ಮಲಗುಂಡಿಯ ಆಳಿನ ವಿಷಯ. ಆಳುಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿ, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನೂ, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ ನಿಷೇಧಿಸಿದ ಕಾಯಿದೆ 2013ರದು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ, ಮೋದೆನಾದ ಆ ಆಳಿಗೆ ತಿಳಿದಿದ್ದ ನಾಲ್ಕು ಗಂಟೆಯ ಗಡುವನ್ನೂ ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದಕ್ಕೆ ಸಾಕ್ಷಿ.

ಈ ಗ್ರಂಥವನ್ನು ಕನ್ನಡಕ್ಕೆ ತರಲು ಮನಸ್ಸುಮಾಡುವವರಿಗೆ ಕಸಬಿನ ಮಾತುಗಳ ಬರಗಾಲವಿರದು. ಕುಲುಮೆ, ತಿದಿ, ಆವಿಗೆ, ಮಗ್ಗ, ಗಾಣ ಇವುಗಳಿಗೆ ಕನ್ನಡದಲ್ಲಿ ಏನು ಕೊರತೆ? ತೊಡಕು ಬರುವುದು ರೋಗಗಳ ಹೆಸರುಗಳಲ್ಲಿ. ಅಲ್ಲಿ ಪಂಡಿತರ ಟಂಕಸಾಲೆಯಲ್ಲಿ ಹೊಸ ಸಂಸ್ಕೃತ ಪದಗಳನ್ನು ಅಚ್ಚುಹಾಕುವ ಬದಲು, ಗಣಿಯ ಕಾಲೊನಿಗಳಲ್ಲಿ, ಕಲ್ಲುಕ್ವಾರಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ಜನರು ತಮ್ಮ ಕೆಮ್ಮಿಗೂ ಕೈನೋವಿಗೂ ಏನೆನ್ನುತ್ತಾರೆಂದು ಕೇಳಿ ತಿಳಿಯುವುದು ಮೂಲಗ್ರಂಥದ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ. ರಕ್ತಮೋಕ್ಷಣ, ವಿರೇಚನಗಳ ವಿವರವನ್ನು ಅನುಬಂಧಕ್ಕೆ ಸರಿಸಬಹುದು. ಕವಿಗಳ ಉದ್ಧರಣೆಗಳಲ್ಲಿ ಅರ್ಧವನ್ನು ಬಿಡಬಹುದು. ಗುಂಡಿಯ ಆಳಿನ ಮಾತನ್ನೂ ಫಿನಾಲೆಯ ವ್ಯಾಜ್ಯವನ್ನೂ ಒಂದಕ್ಷರ ಬಿಡದೆ ಕೊಡಬೇಕು, ಗ್ರಂಥಕಾರನು ಸುಮ್ಮನಾದ ಆ ವಾಕ್ಯವನ್ನು ಕೂಡ.