ಬೀಗಗಳ ಕ್ರಮಪಟ್ಟಿ: ಒಂದು ಆಕರವಿಮರ್ಶೆ

ಲಿನಕ್ಸ್ ಕರ್ನಲ್ಲಿನ ಮೆಮೊರಿ ವಿಭಾಗಕ್ಕೆ ಸೇರಿದ ‘ಫೈಲ್‌ಮ್ಯಾಪ್.ಸಿ’, ‘ಆರ್‌ಮ್ಯಾಪ್.ಸಿ’ ಎಂಬ ಎರಡು ಕಡತಗಳ ಆರಂಭದಲ್ಲಿ ಲಾಕುಗಳ, ಎಂದರೆ ಬೀಗಗಳ, ಕ್ರಮವನ್ನು ವಿಧಿಸುವ ಪಟ್ಟಿಗಳಿವೆ. ಯಾವ ಬೀಗವನ್ನು ಮೊದಲು ಹಿಡಿಯಬೇಕು, ಅದನ್ನು ಹಿಡಿದಿರುವಾಗ ಮತ್ತಾವುದನ್ನು ಹಿಡಿಯಬಹುದು ಎಂಬುದೇ ಅವುಗಳ ವಿಷಯ. ಚರಿತ್ರೆಯ ಆಕರಗಳನ್ನು ಪರಿಶೀಲಿಸುವ ರೀತಿಯಲ್ಲಿಯೇ ಇವುಗಳ ಪ್ರಾಮಾಣ್ಯವನ್ನೂ ನಿರ್ಣಯಿಸುವುದು ನಮ್ಮ ಉದ್ದೇಶ.

ಒಂದು ಪ್ರೋಸೆಸ್ ಕಡತದ ಬೀಗವನ್ನು ಹಿಡಿದು ಎಂಮ್ಯಾಪ್ ಬೀಗಕ್ಕಾಗಿ ಕಾದಿರುವಾಗ, ಮತ್ತೊಂದು ಪ್ರೋಸೆಸ್ ಎಂಮ್ಯಾಪ್ ಬೀಗವನ್ನು ಹಿಡಿದು ಕಡತದ ಬೀಗಕ್ಕಾಗಿ ಕಾದರೆ, ಎರಡೂ ಎಂದೆಂದಿಗೂ ಮುಂದುವರಿಯಲಾರವು. ಇದೇ ಡೆಡ್‌ಲಾಕ್. ಇದು ಸಂಭವಿಸಲು ನಾಲ್ಕು ನಿಬಂಧನೆಗಳು ಕೂಡಿಬರಬೇಕೆಂದು ಕಾಫ್‌ಮನ್ ಮೊದಲಾದವರು 1971ರಲ್ಲಿ ನಿರೂಪಿಸಿದರು. ಅವುಗಳಲ್ಲೊಂದಾದ ಚಕ್ರಾಕಾರದ ಕಾಯುವಿಕೆಯನ್ನು ತಪ್ಪಿಸುವುದೇ ಕ್ರಮಪಟ್ಟಿಯ ಪ್ರಯೋಜನ.

ಪಟ್ಟಿಯ ದೋಷವೂ ಸ್ಪಷ್ಟವಾಗಿದೆ. ಯಾವ ಬೀಗದೊಳಗೆ ಯಾವ ಬೀಗ ಎಂಬುದನ್ನು ಅದು ತಿಳಿಸುತ್ತದೆ. ಏಕೆ ಎಂಬ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಧರ್ಮಶಾಸ್ತ್ರದ ವಿಧಿಯೊಂದರಿಂದಲೇ ಆ ಕಾಲದ ಜನಜೀವನವನ್ನು ಊಹಿಸುವುದು ಎಷ್ಟು ಅಪಾಯಕರವೋ, ಪಟ್ಟಿಯೊಂದರಿಂದಲೇ ಕರ್ನಲ್ಲಿನ ನಡವಳಿಕೆಯನ್ನು ಊಹಿಸುವುದೂ ಅಷ್ಟೇ ಅಪಾಯಕರ.

ನಡವಳಿಕೆಗೆ ಸಾಕ್ಷಿ ಬೇರೆಯೇ ಉಂಟು. ಇಂಗೊ ಮೋಲ್ನಾರ್ ರಚಿಸಿ 2006ರಲ್ಲಿ ಕರ್ನಲ್ಲಿಗೆ ಸೇರಿದ ‘ಲಾಕ್‌ಡೆಪ್’ ಎಂಬ ಸಾಧನವು ಬೀಗಗಳನ್ನು ವಾಸ್ತವವಾಗಿ ಹಿಡಿದ ಕ್ರಮವನ್ನು ದಾಖಲಿಸುತ್ತದೆ. ವಿರುದ್ಧ ಕ್ರಮವೊಂದು ಕಂಡೊಡನೆ, ಅನಾಹುತವಾಗುವ ಮುನ್ನವೇ ಎಚ್ಚರಿಸುತ್ತದೆ. ಹೀಗಿರುವಾಗ ಬರಹದ ಟಿಪ್ಪಣಿ ಏತಕ್ಕೆ ಎಂದು ಕೇಳಬಹುದು. ಈ ಆಕ್ಷೇಪವನ್ನು ನಾವು ಒಪ್ಪಲಾರೆವು. ಲಾಕ್‌ಡೆಪ್ ತಾನು ಕಂಡ ದಾರಿಗಳನ್ನು ಮಾತ್ರ ಬಲ್ಲದು. ಮೆಮೊರಿ ಪುಟದ ಬೀಗವಾದರೋ ಕೇವಲ ಒಂದು ಬಿಟ್ ಆದುದರಿಂದ ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಒಂದು ನಿದರ್ಶನ ಸಾಕು. ಪ್ರೋಸೆಸ್ಸೊಂದು ಕಡತವನ್ನು ಎಂಮ್ಯಾಪ್ ಮಾಡಿಕೊಂಡು, ಆ ಪುಟದಲ್ಲಿರುವುದನ್ನೇ ಅದೇ ಕಡತದ ಅದೇ ಪುಟಕ್ಕೆ ಬರೆಯಹೊರಟಿತೆನ್ನೋಣ. ಕರ್ನಲ್ ಪುಟಕ್ಕೆ ಬೀಗ ಹಾಕಿ ನಕಲು ಆರಂಭಿಸುತ್ತದೆ. ಮೂಲಪುಟವನ್ನು ಇನ್ನೂ ಡಿಸ್ಕಿನಿಂದ ಓದಿಲ್ಲವಾದ್ದರಿಂದ ಪೇಜ್ ಫಾಲ್ಟ್ ಉಂಟಾಗುತ್ತದೆ. ಅದನ್ನು ಪರಿಹರಿಸಲು ಹೋದ ಭಾಗವು ಆ ಪುಟದ ಬೀಗಕ್ಕಾಗಿಯೇ ಕಾಯತೊಡಗುತ್ತದೆ. ಬೀಗವನ್ನು ಹಿಡಿದವನೂ ಕಾಯುವವನೂ ಒಬ್ಬನೇ! ಇದರ ಪರಿಹಾರವಾಗಿ, ಬೀಗ ಹಿಡಿದಿರುವಾಗ ಫಾಲ್ಟನ್ನು ಪರಿಹರಿಸಲು ಹೋಗದಂತೆ ತಡೆಯಲಾಗಿದೆ. ಪುಟವು ದೊರೆಯದಿದ್ದರೆ ನಕಲು ನಿಲ್ಲುತ್ತದೆ. ಬೀಗ ಬಿಟ್ಟು, ಪುಟವನ್ನು ತಂದುಕೊಂಡು, ಮತ್ತೆ ಪ್ರಯತ್ನಿಸಲಾಗುತ್ತದೆ. ಈ ಸುತ್ತುದಾರಿಯ ಕಾರಣವನ್ನು ಅಲ್ಲಿಯೇ ಇರುವ ಟಿಪ್ಪಣಿಯು ಕೆಲವೇ ಮಾತುಗಳಲ್ಲಿ ಹೇಳುತ್ತದೆ.

ಆ ಟಿಪ್ಪಣಿ ಇಲ್ಲದಿದ್ದರೆ, ವೇಗವನ್ನು ಬಯಸಿ ತಿದ್ದಲು ಬಂದವನಿಗೆ ಆ ಸುತ್ತುದಾರಿಯು ವ್ಯರ್ಥವೆಂದೇ ತೋರೀತು. ಅದನ್ನು ಅಳಿಸಿದ ದಿನ ಹಳೆಯ ಡೆಡ್‌ಲಾಕ್ ಮರಳೀತು. ಆದುದರಿಂದ ಕ್ರಮಪಟ್ಟಿಯನ್ನು ವಿಧಿಯೆಂದೂ, ಲಾಕ್‌ಡೆಪ್‌ನ ವರದಿಯನ್ನು ಸಾಕ್ಷ್ಯವೆಂದೂ ಗ್ರಹಿಸಬೇಕು. ಸಾಕ್ಷಿಗೆ ಕಣ್ಣು ಕಾಣದ ಕಡೆ ಕಾರಣವನ್ನು ಹೇಳುವ ಟಿಪ್ಪಣಿಯೇ ಇವೆರಡಕ್ಕಿಂತ ಹೆಚ್ಚಿನ ಪ್ರಮಾಣವೆಂಬುದು ನಮ್ಮ ನಿರ್ಣಯ.